ಏಳು ನಿಮಿಷದ ಗಂಟೆ

ಪ್ರತಿ ಗುರುವಾರ ಬೆಳಿಗ್ಗೆ ಆರಕ್ಕೆ ಹುಣಸೆಹಣ್ಣು ನೆನೆಸಿ, ಅಂಗೈಯಷ್ಟಿರುವ ಒಂದು ಹಿತ್ತಾಳೆಯ ಗಂಟೆಯನ್ನು ಉಜ್ಜುತ್ತೇನೆ. ಆ ಹುಳಿ ವಾಸನೆ ಬಂದರೆ ಸಾಕು, ಮೇಷ್ಟ್ರು ನೆನಪಾಗುತ್ತಾರೆ.

“ಸವೆದು ಹೋದೀತು ಮಾರಾಯ್ರೆ. ಬಾರಿಸುವುದಂತೂ ಇಲ್ಲ,” ಎಂದು ಹೆಂಡತಿ ಈ ವಾರವೂ ಹೇಳಿದಳು.

ಮೇಷ್ಟ್ರು ಮೈಸೂರಿನಲ್ಲಿ ಮೂವತ್ತು ವರ್ಷ ರಾಜ್ಯಶಾಸ್ತ್ರ ಕಲಿಸಿದವರು. ಅಣುಬಾಂಬು ಬೇಡವೆಂದು ಬೀದಿಗಿಳಿದು, ಜೊತೆಯವರಿಂದಲೇ ದೇಶದ್ರೋಹಿ ಎನಿಸಿಕೊಂಡವರು. ವಿಭಾಗದ ಮುಖ್ಯಸ್ಥರಾಗುವ ಅವಕಾಶ ಅದರಿಂದಲೇ ತಪ್ಪಿತಂತೆ. ಆದರೂ ಗಡಿಯ ಎರಡೂ ಬದಿಯ ಹಳ್ಳಿಗಳಿಗೆ ಹೋಗಿ, ಜನರ ಮಾತು ಕೇಳಿ, ದಪ್ಪ ಪುಸ್ತಕಗಳನ್ನು ಬರೆದರು. ನಿವೃತ್ತರಾದ ಮೇಲೆ ಡಾಕ್ಟರ್ ಮಗಳ ಜೊತೆ ಇರಲು ಕುವೈತಿಗೆ ಬಂದರು. ಅಲ್ಲಿನ ಮೈದಾನ್ ಹವಲ್ಲಿ ಬಡಾವಣೆಯಲ್ಲಿ ನಮ್ಮ ಕೆಳಗಿನ ಮನೆಯೇ ಅವರದು.

ಶುಕ್ರವಾರ ಸಂಜೆ ಐದಕ್ಕೆ ಅವರ ಹಾಲ್‌ನಲ್ಲಿ ಚಹಾ, ಚರ್ಚೆ. ನಿಯಮ ಎರಡೇ. ಯಾರಿಗೂ ಏಳು ನಿಮಿಷಕ್ಕಿಂತ ಹೆಚ್ಚಿಲ್ಲ, ಮೇಷ್ಟ್ರಿಗೂ. ಉತ್ತರ ಕೊಡುವ ಮೊದಲು ಎದುರಿನವರ ವಾದವನ್ನು ನಾವೇ ಹೇಳಬೇಕು. ಅವರು “ಹೌದು, ಇದೇ” ಎನ್ನುವ ತನಕ ನಮ್ಮ ಮಾತಿಗೆ ಅವಕಾಶವಿಲ್ಲ. ತೈಲ ಕಂಪನಿಯ ಸ್ಟೋರಿನಲ್ಲಿ ಗಡಿಯಾರ ನೋಡಿಯೇ ಬದುಕಿದ ನನಗೆ ಗಂಟೆ ಬಾರಿಸುವ ಕೆಲಸ ಸಿಕ್ಕಿತು.

ಮೂರನೇ ಮಹಡಿಯ ಲಾಹೋರಿನ ಭಾಯಿಯೂ ಬರುತ್ತಿದ್ದರು. ಸೈನ್ಯದಲ್ಲಿದ್ದ ನನ್ನ ತಮ್ಮ ಗಡಿಯಲ್ಲಿ ತೀರಿಕೊಂಡವನು... ಭಾಯಿಯ ವಾದ ನನ್ನ ಬಾಯಿಂದ ಹೊರಡುವುದು ಹೇಗೆ? ಎಷ್ಟೋ ವಾರ ಗಂಟೆ ಬಾರಿಸಿ ಸುಮ್ಮನೆ ಕೂತೆ.

“ಏನ್ರೀ ಟೈಮ್‌ಕೀಪರ್ ಸಾಹೇಬ್ರೇ, ನಾಲಿಗೆ ಇರೋದು ಗಂಟೆಗೆ ಮಾತ್ರಾನಾ?” ಎಂದು ಮೇಷ್ಟ್ರು ಛೇಡಿಸುತ್ತಿದ್ದರು.

ಕೊನೆಗೊಂದು ಶುಕ್ರವಾರ ಪ್ರಯತ್ನಿಸಿದೆ. ಶೆಲ್ ಬಿದ್ದು ಭಾಯಿಯ ಅಜ್ಜಿಯ ಊರು ಖಾಲಿಯಾದದ್ದು, ನಮ್ಮ ಸೈನ್ಯದ ಹೆಸರು ಕೇಳಿದರೆ ಅವರ ಅಮ್ಮ ಇಂದಿಗೂ ಬಾಗಿಲು ಹಾಕಿಕೊಳ್ಳುವುದು, ಎಲ್ಲ ಹೇಳಿದೆ. ಎರಡು ಸಲ “ಅಭೀ ನಹೀ” ಎಂದು ತಲೆಯಾಡಿಸಿದ ಭಾಯಿ, ಮೂರನೆಯ ಸಲ ಮೆಲ್ಲಗೆ “ಹಾಂ, ಯಹೀ” ಎಂದರು.

ಆಗ ನಾನು ಮೇಷ್ಟ್ರ ಕಡೆ ತಿರುಗಿದೆ. “ಸರ್, ನಲವತ್ತು ವರ್ಷ ಶಾಂತಿ ಶಾಂತಿ ಅಂದ್ರಿ. ನನ್ನ ತಮ್ಮ ಉಳಿದನಾ? ಎಂತ ಸಿಕ್ಕಿತು ನಿಮಗೆ?”

ಮೇಷ್ಟ್ರು ಕನ್ನಡಕ ತೆಗೆದರು. ನಿಯಮದಂತೆ ಮೊದಲು ನನ್ನ ವಾದವನ್ನೇ ಹೇಳಿದರು. ನನ್ನ ತಮ್ಮನ ಬಗ್ಗೆ, ಅವನ ಕಾಗದಕ್ಕೆ ಕಾಯುತ್ತಿದ್ದ ನನ್ನ ತಾಯಿಯ ಬಗ್ಗೆ... ನಾನು ಹೇಳಲಾರದೆ ಉಳಿಸಿಕೊಂಡದ್ದನ್ನೂ ಹೇಳಿದರು. “ಹೌದು, ಇದೇ” ಎಂದೆ.

“ಇನ್ನು ನನ್ನ ಉತ್ತರ. ನಂಗೆ ಸಿಕ್ಕಿದ್ದು...”

ಏಳು ನಿಮಿಷ ಮುಗಿದಿತ್ತು. ಕೈ ಅಭ್ಯಾಸಬಲದಿಂದ ಗಂಟೆ ಬಾರಿಸಿಬಿಟ್ಟಿತು.

ಮೇಷ್ಟ್ರು ನಗುತ್ತ ಕೂತುಬಿಟ್ಟರು. “ಹೇಳಿ ಸರ್, ಪರವಾಗಿಲ್ಲ,” ಎಂದೆ. “ಉಹೂಂ, ನಿಯಮ ಅಂದ್ರೆ ನಿಯಮ. ಮುಂದಿನ ವಾರ ಹೇಳ್ತೀನಿ.”

ಬುಧವಾರ ಅವರಿಗೆ ಎದೆನೋವು ಬಂತು. ಗುರುವಾರ ಬೆಳಿಗ್ಗೆ ಆಸ್ಪತ್ರೆಯಲ್ಲೇ ಹೋದರು. ಗಂಟೆಯನ್ನು ಅವರ ಮಗಳು ನನಗೆ ಕೊಟ್ಟರು.

ಈಗಲೂ ಶುಕ್ರವಾರ ಐದಕ್ಕೆ ಲಾಹೋರಿನ ಭಾಯಿ ನಮ್ಮ ಮನೆಗೆ ಬರುತ್ತಾರೆ. ಮೇಷ್ಟ್ರು ಏನು ಹೇಳಲಿದ್ದರು ಎಂದು ಇಬ್ಬರೂ ವಾದಿಸುತ್ತೇವೆ. ಒಂದು ವಾರ ನಾನು ಮೇಷ್ಟ್ರ ಪರವಾಗಿ ಉತ್ತರ ಹೇಳುತ್ತೇನೆ, ಇನ್ನೊಂದು ವಾರ ಭಾಯಿ. ಹೇಳಿ ಮುಗಿಸಿ, ಬಾರಿಸದ ಗಂಟೆಯ ಕಡೆ ನೋಡುತ್ತೇವೆ.

“ಹೌದು, ಇದೇ” ಎನ್ನಬೇಕಾದವರು ಇಲ್ಲ.