ಹಂಪಕ್ಕ ಸ್ವೀಟ್ಸ್

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಬಸ್ಸಿನಲ್ಲಿ ನಾನು ಬಹಳ ವರ್ಷ ಕಂಡಕ್ಟರನಾಗಿದ್ದೆ. ಜನ ಟಿಕೆಟ್ಟಿಗೆ ಚಿಲ್ಲರೆ ಕೊಡುವುದಿಲ್ಲ, ಮಾತನ್ನು ಮಾತ್ರ ಧಾರಾಳವಾಗಿ ಕೊಡುತ್ತಾರೆ. ಹಾಗೆ ಪುಕ್ಕಟೆಯಾಗಿ ಸಿಕ್ಕ ಮಾತುಗಳಲ್ಲಿ ನನಗೆ ತಮಾಷೆಯಾಗಿ ಕಂಡದ್ದು ‘ಸ್ವೀಟ್’ ಎಂಬ ಇಂಗ್ಲಿಷ್ ಮಾತು.

ಮದುವೆ ಮನೆಯವರು ಅಡುಗೆಯವನಿಗೆ ಫೋನಿನಲ್ಲಿ, ಸ್ವೀಟ್ ಎರಡಿರಲಿ ಎನ್ನುತ್ತಾರೆ. ಕಚೇರಿ ಕೆಲಸಕ್ಕೆ ಹೊರಟವರು, ಸಾಹೇಬರಿಗೆ ಸ್ವೀಟ್ ಮುಟ್ಟಿತೇ ಎಂದು ದನಿ ತಗ್ಗಿಸಿ ಕೇಳುತ್ತಾರೆ. ಆ ಸ್ವೀಟಿಗೆ ಇರುವೆ ಮುತ್ತುವುದಿಲ್ಲ. ಕಾಲೇಜು ಹುಡುಗಿಯರಿಗೆ ಕಮಲಾಪುರದ ಬಸ್‌ಸ್ಟಾಪಿನ ನಾಯಿಮರಿ ಸ್ವೀಟ್. ಬೋರ್ ಕೊರೆಸುವವರಿಗೆ ಉಪ್ಪಿಲ್ಲದ ನೀರು ಸ್ವೀಟ್. ಒಮ್ಮೆ ಹಂಪಿ ನೋಡಲು ಬಂದಿದ್ದ ಬಿಳಿಯ ಹುಡುಗನೊಬ್ಬನಿಗೆ, ಮುಂದಿನ ಸ್ಟಾಪಿನಲ್ಲಿ ಇಳಿಸುತ್ತೇನಪ್ಪ ಎಂದು ಕೈಸನ್ನೆ ಮಾಡಿದರೆ ಅವನೂ ಹೆಬ್ಬೆರಳೆತ್ತಿ ಸ್ವೀಟ್ ಎಂದ. ಆಯಿತು ಎನ್ನುವುದಕ್ಕೂ ಇದೇ ಮಾತೇ ಎಂದು ನನಗೆ ಆಶ್ಚರ್ಯ.

ಸಂಡೂರಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಭವ್ಯಳನ್ನು ಕೇಳಿದೆ. ಇಂಗ್ಲಿಷಿನವರಿಗೆ ನಿದ್ದೆಯೂ ಸ್ವೀಟ್, ದನಿಯೂ ಸ್ವೀಟ್, ಹೂವಿನ ವಾಸನೆಯೂ ಸ್ವೀಟ್, ಸೇಡು ತೀರಿಸಿಕೊಂಡರೆ ಅದೂ ಸ್ವೀಟ್ ಎಂದಳು. ಒಂದೇ ಸೌಟಿನಲ್ಲಿ ಸಾರು, ಪಲ್ಯ, ಪಾಯಸ ಎಲ್ಲ ಬಡಿಸುವ ಜನ ಎನಿಸಿತು. ನಮ್ಮಲ್ಲಿ ನಿದ್ದೆ ಸವಿ, ದನಿ ಇಂಪು, ಹೂವಿಗೆ ಕಂಪು. ಸೇಡು ತೀರಿದರೆ ಹೊಟ್ಟೆ ತಣ್ಣಗಾಯಿತು ಎನ್ನುತ್ತೇವೆ. ಸಿಹಿಯನ್ನು ಹೆಚ್ಚಾಗಿ ಬಾಯಿಗೇ ಬಿಟ್ಟಿದ್ದೇವೆ. ಆ ಬಾಯಿಯ ಸಿಹಿಯೊಂದರಿಂದಲೇ ಭವ್ಯಳ ತಾಯಿ ಹಂಪಕ್ಕ ಪಟ್ಟ ಪಾಡನ್ನು ಹೇಳಬೇಕೆಂದು ಇಷ್ಟು ಪೀಠಿಕೆ.

ಹಂಪಕ್ಕ ಹುಟ್ಟಿದ್ದು ಬುಕ್ಕಸಾಗರದಲ್ಲಿ, ಕೊಟ್ಟದ್ದು ಹೊಸಪೇಟೆಗೆ. ಗಂಡ ಹುಲುಗೇಶ ಸಂಡೂರಿನಿಂದ ಅದಿರು ಸಾಗಿಸುವ ಲಾರಿಯ ಡ್ರೈವರ್. ಭವ್ಯ ಹೈಸ್ಕೂಲಿನಲ್ಲಿದ್ದಾಗ ಅವನು ಜ್ವರ ಬಂದು ಮಲಗಿದವನು ಏಳಲಿಲ್ಲ. ನಮ್ಮ ಕಡೆ ಸಾವಾದ ಮನೆಯ ಒಲೆಯ ಮೇಲೆ ಬೆಲ್ಲ ಕರಗಿಸುವುದಿಲ್ಲ. ಮೊದಲ ಹಬ್ಬ ಬರುವುದರೊಳಗೆ ಹೆಣ್ಣುಮಗಳ ತವರಿನವರು ತಮ್ಮ ಮನೆಯಲ್ಲಿ ಮಾಡಿದ ಸಿಹಿಯನ್ನು ತಂದು ಅವಳ ಬಾಯಿಗೆ ಹಾಕಬೇಕು. ಬಾಯಿ ಸಿಹಿ ಮಾಡುವುದು ಎಂದು ಅದಕ್ಕೆ ಹೆಸರು. ಅಲ್ಲಿಂದ ಮುಂದೆ ಅವಳು ಹಬ್ಬ ಮಾಡಬಹುದು, ನಾಲ್ಕು ಜನರ ಶುಭಕಾರ್ಯದಲ್ಲಿ ಕೂತು ಉಣ್ಣಬಹುದು. ಇದಕ್ಕೆ ತವರನ್ನು ಕರೆಯುವಂತಿಲ್ಲ. ಕರೆದು ಬರಿಸಿಕೊಂಡರೆ ಅದು ತವರಲ್ಲ ಎನ್ನುತ್ತಾರೆ.

ಹಂಪಕ್ಕನಿಗೆ ತವರೆಂದು ಉಳಿದವನು ಅಣ್ಣ ಕೆಂಚಣ್ಣ ಒಬ್ಬನೇ. ಅವನು ಬರಲಿಲ್ಲ.

ಹಬ್ಬವೇನೋ ಬಂದು ಹೋಯಿತು, ಹೊಟ್ಟೆ ಕೇಳಬೇಕಲ್ಲ. ಹಂಪಕ್ಕ ಅವರಿವರ ಮನೆಯ ಕಾರ್ಯಗಳಿಗೆ ಹೋಗಿ ಹೋಳಿಗೆ ಮಾಡಿಕೊಟ್ಟಳು. ಕೈಗುಣ ಚೆನ್ನಾಗಿತ್ತು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಲೆ ಹೂಡಿದಳು. ಲಾರಿಗಳ ಹಿಂದೆ ದೇವರ ಹೆಸರು, ಹುಲಿ, ನವಿಲು ಬರೆಯುವ ಪೇಂಟರ್ ಒಬ್ಬ ಹುಲುಗೇಶನ ಗೆಳೆಯ. ಅವನು ತಾನಾಗಿ ಬಂದು ಕೆಂಪು ಹಲಗೆಯ ಮೇಲೆ ಹಳದಿ ಅಕ್ಷರದಲ್ಲಿ ‘ಹಂಪಕ್ಕ ಸ್ವೀಟ್ಸ್’ ಎಂದು ಬರೆದು, ಪಕ್ಕದಲ್ಲಿ ಒಂದು ನವಿಲನ್ನೂ ಕೂರಿಸಿ ಹೋದ.

ಅಂಗಡಿಯ ಒಲೆ ಬೇರೆ, ಮನೆಯ ಒಲೆ ಬೇರೆ ಎಂಬುದು ಹಂಪಕ್ಕನ ಕಟ್ಟು. ಅಂಗಡಿಯಲ್ಲಿ ದಿನವೂ ಬೆಲ್ಲದ ಹಬೆ. ಮನೆಯಲ್ಲಿ ಬೆಲ್ಲದ ಡಬ್ಬಿಯೇ ಇಲ್ಲ. ಭವ್ಯ ಅಂಗಡಿಯಲ್ಲಿ ತಿನ್ನುವಳು, ಮನೆಯಲ್ಲಿ ಕೇಳುವಂತಿಲ್ಲ. ಹಂಪಕ್ಕನಂತೂ ಎಲ್ಲಿಯೂ ತಿನ್ನಲಿಲ್ಲ. ಚಹಾವನ್ನು ಸಕ್ಕರೆಯಿಲ್ಲದೆ ಕುಡಿದಳು. ಗುಡಿಯಲ್ಲಿ ಕೊಟ್ಟ ಸಜ್ಜಿಗೆಯನ್ನು ಕಣ್ಣಿಗೊತ್ತಿಕೊಂಡು ಪಕ್ಕದವರ ಕೈಗೆ ಹಾಕಿದಳು. ಹೂರಣ ರುಬ್ಬುವ ನಿಂಗಕ್ಕನೇ ರುಚಿ ನೋಡುವವಳು. ನಿಂಗಕ್ಕನ ನಾಲಿಗೆಗೆ ಸಾಕು ಎನ್ನುವ ಮಾತು ಗೊತ್ತಿಲ್ಲ. ಎಷ್ಟು ಬೆಲ್ಲ ಬಿದ್ದರೂ, ಚಲೋ ಐತಿ ಬಿಡಕ್ಕ, ಎನ್ನುವಳು.

ಹಾಗಾಗಿ ವರ್ಷದಿಂದ ವರ್ಷಕ್ಕೆ ಆ ಹೋಳಿಗೆಯ ಸಿಹಿ ಏರುತ್ತಲೇ ಹೋಯಿತು. ನಾವೆಲ್ಲ ಗಮನಿಸಿದ್ದೆವು. ಆದರೆ ಹೋಳಿಗೆ ಸಿಹಿಯಾಯಿತೆಂದು ದೂರು ಕೊಡುವಷ್ಟು ಕೆಟ್ಟ ಜನ ಹೊಸಪೇಟೆಯಲ್ಲಿಲ್ಲ. ಮೇಲೆ ಒಂದು ಲೋಟ ಹಾಲು ಹೆಚ್ಚಿಗೆ ಸುರಿದುಕೊಂಡು ತಿನ್ನುತ್ತಿದ್ದರು. ನನಗೆ ಆ ಹೋಳಿಗೆಯೆಂದರೆ ಜೀವ. ಕಂಪ್ಲಿಯ ಮದುವೆಗಳಿಗೆ ಹೋಗುವ ಡಬ್ಬಿಗಳು ನನ್ನ ಬಸ್ಸಿನಲ್ಲೇ, ಡ್ರೈವರ್ ಉಚ್ಚೆಂಗಪ್ಪನ ಪಕ್ಕದಲ್ಲಿ ಕೂತು ಹೋಗುತ್ತಿದ್ದವು. ದಾರಿಯುದ್ದಕ್ಕೂ ಬಸ್ಸೆಲ್ಲ ಏಲಕ್ಕಿ, ತುಪ್ಪದ ವಾಸನೆ.

ಹೀಗೆ ಹನ್ನೊಂದು ವರ್ಷ ಕಳೆಯಿತು. ಭವ್ಯಳಿಗೆ ಸಂಬಂಧ ಕೂಡಿಬಂತು. ಹುಡುಗ ಪಂಪೇಶ್, ಸಂಡೂರಿನ ಗಣಿ ಕಚೇರಿಯಲ್ಲಿ ಸರ್ವೇ ಮಾಡುವವನು. ಇಬ್ಬರೂ ಒಂದೇ ಬಸ್ಸಿನಲ್ಲಿ ಓಡಾಡಿ ಒಪ್ಪಿಕೊಂಡವರು, ಹಿರಿಯರಿಗೆ ಉಳಿದದ್ದು ಹೂಂ ಎನ್ನುವ ಕೆಲಸ. ಹುಡುಗನ ತಾಯಿ ಚೆನ್ನಬಸಮ್ಮನೂ ಗಂಡನನ್ನು ಕಳೆದುಕೊಂಡವಳು, ಗಟ್ಟಿ ಹೆಂಗಸು. ವಿಧವೆಯರು ಹಿಂದೆ ನಿಲ್ಲಬೇಕೆಂಬ ಮಾತನ್ನು ಅವಳು ಮೊದಲ ದಿನವೇ ಬದಿಗೆ ತಳ್ಳಿದಳು. ನಿಶ್ಚಯದ ದಿನ ಬೀಗಿತ್ತಿಯರು ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕುವ ಶಾಸ್ತ್ರವಿದೆಯಲ್ಲ, ಅದನ್ನು ನಾವಿಬ್ಬರೇ ಮಾಡೋಣ, ಬೇರೆ ಯಾರೂ ಬೇಡ ಎಂದಳು.

ಹಂಪಕ್ಕ, ನನ್ನ ಬದಲು ನಾದಿನಿ ಮಾಡುತ್ತಾಳೆ ಎಂದಳು. ಕಾರಣ ಹೇಳಲಿಲ್ಲ. ತವರು ಕೈಬಿಟ್ಟಿದೆ ಎಂದು ಬೀಗರ ಮುಂದೆ ಯಾವ ಹೆಂಗಸು ಹೇಳಿಯಾಳು? ಚೆನ್ನಬಸಮ್ಮನ ಮುಖ ಗಂಟಾಯಿತು. ನನ್ನ ಕೈಯ ಸಕ್ಕರೆ ನಿಮಗೆ ಬೇಡವಾದರೆ ನನ್ನ ಮನೆಗೆ ಮಗಳನ್ನು ಹೇಗೆ ಕಳಿಸುತ್ತೀರಿ ಎಂದು ಕೇಳಿ ಎದ್ದು ಹೋದಳು. ನಿಶ್ಚಯಕ್ಕೆ ಎರಡೇ ದಿನ ಉಳಿದಿತ್ತು.

ಭವ್ಯ ತಾಯಿಯ ಮೇಲೆ ರೇಗಿದಳು, ಅತ್ತಳು. ಒಂದು ಚಿಟಿಕೆ ಸಕ್ಕರೆಗಾಗಿ ನನ್ನ ಬದುಕು ನಿಂತಿದೆ ಎಂದಳು. ಓದಿದ ಹುಡುಗಿ, ಅವಳ ಮಾತೂ ಸರಿಯೇ. ನಾನೂ ಹಂಪಕ್ಕನಿಗೆ, ಕಣ್ಣು ಮುಚ್ಚಿ ಗುಳಿಗೆಯ ಹಾಗೆ ನುಂಗಿಬಿಡಿ, ದೇವರೇನು ಬಾಯಿ ತೆರೆಸಿ ನೋಡುತ್ತಾನೆಯೇ ಎಂದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

“ನುಂಗಬೌದ್ರಿ ರಾಯಣ್ಣಾರ. ಆದ್ರ ನುಂಗಿದ್ರ, ನನಗ ತವರಿಲ್ಲ ಅಂತ ನಾನ ಒಪ್ಪಿಕೊಂಡಂಗ ಆಕೈತಿ. ಇಷ್ಟು ವರ್ಷ ಅದೊಂದನ್ನ ಒಪ್ಪಿಕೊಂಡಿಲ್ಲ.”

ನಾನು ಡಬ್ಬಿಗಳನ್ನು ಹೊತ್ತು ಬಸ್ಸಿಗೆ ಬಂದೆ.

ಕಮಲಾಪುರ ದಾಟಿದ ಮೇಲೆ ಸಂಕಟ ತಡೆಯದೆ ಉಚ್ಚೆಂಗಪ್ಪನಿಗೆ ಎಲ್ಲ ಹೇಳಿದೆ. ನನ್ನ ದನಿ ಸಣ್ಣದಲ್ಲ, ಬಸ್ಸಿನ ಸದ್ದಿನ ಮೇಲೆ ಮಾತಾಡಿ ಬೆಳೆದದ್ದು. ಹೋಳಿಗೆ ಮಾಡುವವಳ ಬಾಯಿಗೇ ಹನ್ನೊಂದು ವರ್ಷದಿಂದ ಸಿಹಿ ಬಿದ್ದಿಲ್ಲ, ಅವಳ ಅಣ್ಣನೆಂಬ ಮಹಾರಾಯ ಎಲ್ಲಿ ಸತ್ತಿದ್ದಾನೋ ಎಂದೆ. ಆಗ ಹಿಂದಿನ ಸೀಟಿನಿಂದ ಒಬ್ಬ ಎದ್ದು, ಕಂಬಿಗಳನ್ನು ಹಿಡಿದುಕೊಂಡು ಮುಂದೆ ಬಂದ. ಬುಕ್ಕಸಾಗರದಲ್ಲಿ ಹತ್ತಿ ಇಳಿಯುವ ಪರಿಚಿತ ಮುಖ, ಭತ್ತದ ಗದ್ದೆಯವನು. ಹೋಳಿಗೆಯ ಡಬ್ಬಿಯಿದ್ದ ದಿನ ಹಿಂದೆಯೇ ಕೂತು ಕಿಟಕಿಯಾಚೆ ಮುಖ ಮಾಡುವ ಆಸಾಮಿ. ಅದನ್ನು ಕಂಡಿದ್ದೆ, ಕಾರಣ ಕೇಳಿರಲಿಲ್ಲ.

“ಸುಳ್ಳು ಹೇಳಬ್ಯಾಡ್ರಿ,” ಎಂದ. “ಆಕಿ ಬಾಯಿ ಯಾರೋ ಸಿಹಿ ಮಾಡ್ಯಾರ. ಇಲ್ಲಾಂದ್ರ ಅಂಗಡಿ ಹೆಂಗ ಇಟ್ಟಾಳು? ಬೋರ್ಡು ನಾನ ಕಣ್ಣಾರೆ ನೋಡೀನಿ.”

ನೀವು ಯಾರು ಎಂದು ಕೇಳಿದೆ.

“ಆಕಿ ತವರು,” ಎಂದ.

ಅವನು ನಿಂತುಕೊಂಡೇ ಹೇಳಿದ್ದಿಷ್ಟು. ಹುಲುಗೇಶ ತೀರಿದಾಗ ಕೆಂಚಣ್ಣನ ಮನೆಯಲ್ಲಿ ಹೆಂಡತಿ ರೇಣುಕಮ್ಮನ ಹೆರಿಗೆ. ಪುರುಡಿನ ಮನೆಯಿಂದ ಸಿಹಿ ಒಯ್ಯುವಂತಿಲ್ಲ. ಆಮೇಲೆ ಕೂಸಿಗೆ ಹುಷಾರಿಲ್ಲದೆ ಆಸ್ಪತ್ರೆ ಅಲೆದಾಟ. ಮೊದಲ ಹಬ್ಬ ತಪ್ಪಿಹೋಯಿತು, ಅಂತೂ ದೀಪಾವಳಿಯ ಹಿಂದಿನ ದಿನ ಗೋಧಿ ಬೆಲ್ಲದ ಮಾದಲಿ ಮಾಡಿಸಿ ಗಂಟು ಕಟ್ಟಿಕೊಂಡು ಹೊಸಪೇಟೆಗೆ ಬಂದ. ಬಸ್ ಇಳಿದು ಗಲ್ಲಿಗೆ ತಿರುಗಿದರೆ ಎದುರಿಗೆ ಹಸಿ ಬಣ್ಣದ ಬೋರ್ಡು, ತಂಗಿಯ ಹೆಸರು, ಸ್ವೀಟ್ಸ್, ನವಿಲು. ಬಾಗಿಲಲ್ಲಿ ನಿಂತು ನಾಲ್ಕು ಜನ ಹೋಳಿಗೆ ತಿನ್ನುತ್ತಿದ್ದಾರೆ. ಸಾವಿನ ಮನೆಯ ಹೆಂಗಸು ಬೆಲ್ಲದ ವ್ಯಾಪಾರಕ್ಕೆ ಕೂತಿದ್ದಾಳೆಂದರೆ ಬಾಯಿ ಸಿಹಿಯಾಗಿರಲೇಬೇಕು, ಗಂಡನ ಕಡೆಯವರು ಯಾರೋ ಮಾಡಿರಬೇಕು, ತವರಿಗಾಗಿ ನಾಲ್ಕು ತಿಂಗಳು ಕಾಯದೆ ಹೋದಳಲ್ಲ ಎಂದುಕೊಂಡ. ಗಂಟನ್ನು ಬಿಚ್ಚದೆ ಮುಂದಿನ ಬಸ್ಸಿಗೆ ಹಿಂದಿರುಗಿದ.

ಈ ತಪ್ಪನ್ನು ಬೇರೆ ಯಾವ ದೇಶದವನೂ ಮಾಡಲಾರ. ಬೇರೆಯವನಾಗಿದ್ದರೆ ಒಳಗೆ ಹೋಗಿ, ನನಗೂ ಎರಡು ಹೋಳಿಗೆ ಕೊಡು ಎನ್ನುತ್ತಿದ್ದ. ನನಗೆ ಕೆಂಚಣ್ಣನ ಮೇಲೆ ಸಿಟ್ಟು ಬಂತು, ಅಷ್ಟೇ ಅಯ್ಯೋ ಎಂದೂ ಅನ್ನಿಸಿತು. ಅವಳು ಸಕ್ಕರೆಯಿಲ್ಲದ ಚಹಾ ಕುಡಿಯುವುದನ್ನೂ, ಮನೆಯಲ್ಲಿ ಬೆಲ್ಲದ ಡಬ್ಬಿ ಇಲ್ಲದ್ದನ್ನೂ ಹೇಳಿದೆ. ನಿಶ್ಚಯದ ಗಲಾಟೆಯನ್ನಂತೂ ಅವನು ಆಗಲೇ ಕೇಳಿಸಿಕೊಂಡಿದ್ದ. ಬುಕ್ಕಸಾಗರ ಬಂತು, ಉಚ್ಚೆಂಗಪ್ಪ ಬಸ್ ನಿಲ್ಲಿಸಿದ. ಕೆಂಚಣ್ಣ ಇಳಿದು ಗದ್ದೆಯ ದಾರಿ ಹಿಡಿದ. ಅವನು ಬರುತ್ತಾನೋ ಇಲ್ಲವೋ ಎಂದು ಉಚ್ಚೆಂಗಪ್ಪನೂ ನಾನೂ ಕಂಪ್ಲಿಯ ತನಕ ವಾದ ಮಾಡಿದೆವು. ಬರುವುದಿಲ್ಲ ಎಂಬುದು ನನ್ನ ಪಕ್ಷ.

ಮರುದಿನ ಬೆಳಿಗ್ಗೆ ಕಂಪ್ಲಿಯಿಂದ ಬರುವಾಗ ಬುಕ್ಕಸಾಗರದಲ್ಲಿ ಕೆಂಚಣ್ಣ ನಿಂತಿದ್ದ. ಬಿಳಿ ಅಂಗಿ, ಕೈಯಲ್ಲಿ ಬಟ್ಟೆಯ ಗಂಟು. ಉಚ್ಚೆಂಗಪ್ಪ ನನ್ನನ್ನು ನೋಡಿ ಮೀಸೆಯಲ್ಲಿ ನಕ್ಕ. ಆ ದಿನ ಕೆಂಚಣ್ಣ ಮುಂದಿನ ಸೀಟಿನಲ್ಲೇ ಕೂತ.

ಖಾಲಿ ಡಬ್ಬಿಗಳನ್ನು ಹಿಂದಿರುಗಿಸುವ ನೆಪದಲ್ಲಿ ನಾನೂ ಅವನ ಜೊತೆ ಗಲ್ಲಿಗೆ ಹೋದೆ. ಬೋರ್ಡಿನ ಬಣ್ಣ ಈಗ ಮಾಸಿತ್ತು, ನವಿಲಿಗೆ ಕಾಲಿರಲಿಲ್ಲ. ಕೆಂಚಣ್ಣ ಅದರ ಕೆಳಗೆ ನಿಂತುಬಿಟ್ಟ. ಒಳಗೆ ಹೋಳಿಗೆ ತಟ್ಟುತ್ತಿದ್ದ ಹಂಪಕ್ಕ ತಲೆಯೆತ್ತಿ ನೋಡಿದಳು. ಮೊದಲು ಅಣ್ಣನ ಮುಖ, ಆಮೇಲೆ ಗಂಟು. ಕೈಯ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡಳು. ಅವನು ಬೋರ್ಡಿನ ಕಡೆ ಕೈಮಾಡಿ, ಅವತ್ತು ಬಂದಿದ್ದನ್ನು ತಡವರಿಸುತ್ತ ಹೇಳಿದ. ಅವಳು ಪೂರ್ತಿ ಕೇಳಿದಳು.

“ಬೋರ್ಡು ಓದಿದಿ. ಒಳಗ ಬಂದು ನನ್ನ ಕೇಳಲಿಲ್ಲ,” ಎಂದಳು.

“ನೀನೂ ಬಾ ಅಂತ ಹೇಳಿ ಕಳಿಸಲಿಲ್ಲ.”

“ತವರನ್ನ ಕರೀತಾರೇನಣ್ಣ?”

ಹಂಪಕ್ಕ ಒಲೆ ಆರಿಸಿದಳು, ಅಂಗಡಿಯನ್ನು ನಿಂಗಕ್ಕನಿಗೆ ಒಪ್ಪಿಸಿದಳು. ಇಲ್ಲಿ ಬೇಡ, ಮನೆಗೆ ನಡಿ ಎಂದಳು. ನೀವೂ ಬರ್ರಿ ಎಂದು ನನ್ನನ್ನೂ ಕರೆದಳು.

ಮನೆಯಲ್ಲಿ ಭವ್ಯ ಇದ್ದಳು. ಮಾವನ ಗುರುತು ಅವಳಿಗೆ ತಡವಾಗಿ ಹತ್ತಿತು. ಹಂಪಕ್ಕ ಹುಲುಗೇಶನ ಫೋಟೋದ ಕೆಳಗೆ ಗೋಡೆಗೆ ಒರಗಿ ಕೂತಳು. ಕೆಂಚಣ್ಣ ಗಂಟು ಬಿಚ್ಚಿ, ಒಂದು ಹಿಡಿ ಮಾದಲಿ ತೆಗೆದು ತಂಗಿಯ ಬಾಯಿಗೆ ಹಾಕಿದ. ಅರ್ಧ ಅವಳ ಮಡಿಲಿಗೆ ಉದುರಿತು. ಅವಳು ಅಗಿಯಲಿಲ್ಲ. ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂತಳು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಆಮೇಲೆ ಮಡಿಲಿಗೆ ಬಿದ್ದದ್ದನ್ನೂ ಒಂದೊಂದೇ ಚೂರು ಆರಿಸಿಕೊಂಡು ತಿಂದಳು. ನಾನು ಊರೂರಿನ ಜಗಳ ಬಿಡಿಸಿದ ಕಂಡಕ್ಟರ್, ಅಷ್ಟು ಸುಲಭಕ್ಕೆ ಕರಗುವವನಲ್ಲ. ಆದರೂ ಅವತ್ತು ಅತ್ತೆ.

ನೀರು ಕುಡಿದಾದ ಮೇಲೆ ಹಂಪಕ್ಕ ಮಗಳನ್ನು ಅಂಗಡಿಗೆ ಕಳಿಸಿ ತನ್ನದೇ ಒಂದು ಹೋಳಿಗೆ ತರಿಸಿದಳು. ಮುರಿದು ಬಾಯಿಗಿಟ್ಟಳು. ಮುಖ ಕಿವುಚಿದಳು.

“ಇಷ್ಟು ಬೆಲ್ಲ ಹಾಕ್ತಿದ್ನೇನು ನಾನು? ಯಾರೂ ಒಂದು ಮಾತು ಹೇಳಲಿಲ್ಲಲ್ಲ.”

ಭವ್ಯಳೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಭವ್ಯ ಮೊದಲು ನಕ್ಕಳು.

ಅದೇ ದಿನ ಕೆಂಚಣ್ಣ ಸಂಡೂರಿಗೆ ಹೋಗಿ, ತಡವಾದದ್ದು ನನ್ನಿಂದ ಎಂದು ಚೆನ್ನಬಸಮ್ಮನಿಗೆ ಹೇಳಿ ಬಂದ. ಮರುದಿನ ನಿಶ್ಚಯ ಆಯಿತು. ಬೀಗಿತ್ತಿಯರು ಸಕ್ಕರೆ ಹಾಕಿಕೊಂಡರು. ಚೆನ್ನಬಸಮ್ಮ ಬೇಕೆಂದೇ ದೊಡ್ಡ ಹಿಡಿ ಹಾಕಿದಳೆಂದು ಹಂಪಕ್ಕ ಈಗಲೂ ದೂರುತ್ತಾಳೆ.

ಅಂಗಡಿಯ ಹೋಳಿಗೆಯಲ್ಲಿ ಅಂದಿನಿಂದ ಸಿಹಿ ಕಡಿಮೆ. ಹಳೆಯ ಗಿರಾಕಿಗಳು ಗೊಣಗಿದರು. ನಿಂಗಕ್ಕ ವಾರವೆಲ್ಲ ಮುಖ ಊದಿಸಿಕೊಂಡಿದ್ದಳು. ನನಗೂ ಹಳೆಯದೇ ಹಿಡಿಸಿತ್ತು, ಸುಳ್ಳು ಯಾಕೆ ಹೇಳಲಿ. ನಿವೃತ್ತನಾದ ಮೇಲೆ ಒಂದು ದಿನ ಅಂಗಡಿಯ ಮುಂದೆ ಕೂತು, ಮೊದಲಿನ ಹಾಗೆ ಒಂದು ಒಬ್ಬೆ ಹೋಳಿಗೆ ಮಾಡಬಾರದೇ ಎಂದು ಕೇಳಿದೆ.

“ಆಗ ನೆನಪಿನ ಮ್ಯಾಲೆ ಹಾಕ್ತಿದ್ದೆ ರಾಯಣ್ಣಾರ,” ಎಂದಳು. “ತಿನ್ನದವರ ನೆನಪಿನಾಗ ಸಿಹಿ ವರ್ಷಾ ವರ್ಷ ಜಾಸ್ತಿನ ಆಕ್ಕೋತ ಹೋಕೈತಿ. ಈಗ ತಿಂದು ನೋಡಿ ಹಾಕ್ತೀನಿ.”

ಅವಳ ಮುಂದೆ ಲೋಟದಲ್ಲಿ ಅರ್ಧ ಕುಡಿದ ಚಹಾ ಇತ್ತು, ತಳದಲ್ಲಿ ಕರಗದ ಸಕ್ಕರೆ. ನಾನು ಹೊಸ ಹೋಳಿಗೆಯನ್ನೇ ಎರಡು ಕಟ್ಟಿಸಿಕೊಂಡು ಮನೆಗೆ ಬಂದೆ.