ತಾಯಿ ಚಹಾ

ಲಕ್ಷ್ಮೇಶ್ವರದಲ್ಲಿ ಬರ್ಫ ಹಾಕಿದ ಚಹಾವನ್ನು ಮೊದಲು ಮಾಡಿದವಳು ನಮ್ಮವ್ವ. ಈ ಮಾತಿಗೆ ದಾಖಲೆ ಕೇಳಬೇಡಿ. ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಅದು ಎಂಬತ್ತರ ದಶಕದ ಶುರುವಿನ ಒಂದು ಬೇಸಿಗೆ. ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಅಣ್ಣ ಮುಂಬಯಿಗೆ ಬಂದಿಳಿದಾಗ ಒಂದು ಪಾರ್ಸಲ್ ಕಳಿಸಿದ. ಅವನು ಊರು ಬಿಟ್ಟು ಮೂರು ವರ್ಷವಾಗಿತ್ತು. ಕಾಗದ ಬರೆಯುವುದರಲ್ಲಂತೂ ಮಹಾ ಸೋಮಾರಿ. ಶಿರಹಟ್ಟಿಯಲ್ಲಿದ್ದ ನಮ್ಮ ಸೋದರತ್ತೆ ಬಂದಾಗಲೆಲ್ಲ, "ಹಡಗ ಹತ್ತಿದಾಂವ ಹಡದಾಕಿನ ಮರತಾ ನೋಡ್ರಿ ವೈನಿ" ಎನ್ನುವಳು. ಅವ್ವ ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ಜೋಡಿಸುತ್ತಿದ್ದಳು. ಆ ಮಾತು ಅವಳನ್ನು ಎಷ್ಟು ಸುಡುತ್ತಿತ್ತೆಂದು ನನಗೆ ಗೊತ್ತಿತ್ತು.

ಪಾರ್ಸಲಿನಲ್ಲಿ ಒಂದು ಡಬ್ಬಿ, ಒಂದು ಚೀಟಿ. ಅವ್ವನಿಗೆ ಓದು ಬಾರದು, ನಾನೇ ಓದಿ ಹೇಳಿದೆ: "ಇದು ಥಾಯ್ ಚಹಾ. ಗಟ್ಟಿಯಾಗಿ ಕುದಿಸಿ, ಸಕ್ಕರಿ ಹಾಕಿ ಆರಿಸ್ರಿ. ಬರ್ಫಿನ ಮ್ಯಾಲ ಸುರುವಿ, ಗಟ್ಟಿ ಹಾಲು ಬಿಟ್ಟು ಕುಡೀರಿ."

"ಏನಂದಿ? ತಾಯಿ ಚಹಾ?" ಅವ್ವನ ಮುಖ ಅರಳಿತು. "ತಾಯಿಗಂತನ ಕಳಸ್ಯಾನ?"

ಎಸ್ಸೆಸ್ಸೆಲ್ಸಿ ಮುಗಿಸಿದ್ದ ನನಗೆ ಥಾಯ್ಲೆಂಡ್ ಎಂಬ ದೇಶವಿರುವುದು ಗೊತ್ತಿತ್ತು. ಆದರೂ "ಹೂನವಾ" ಎಂದುಬಿಟ್ಟೆ. ಸುಳ್ಳೇ. ಅದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ಸಂಜೆಯೊಳಗೆ ಓಣಿಗೆಲ್ಲ ಖಬರ ಮುಟ್ಟಿತು. ಬರುವ ರವಿವಾರ ಬಾ ಎಂದು ಅವ್ವ ಅತ್ತೆಗೂ ಹೇಳಿಕಳಿಸಿದಳು. ಅತ್ತೆ ಕುಡಿಯದಿದ್ದರೆ ಅವ್ವ ಆ ಚಹಾ ಮಾಡಿಯೂ ಏನು ಬಂತು!

ಚೀಟಿಯಲ್ಲಿದ್ದ ಗಟ್ಟಿ ಹಾಲೆಂದರೆ ಡಬ್ಬಿಹಾಲು, ಅದು ನಮ್ಮಲ್ಲಿ ಎಲ್ಲಿಯದು? ರವಿವಾರ ಅವ್ವ ಎಮ್ಮೆ ಹಾಲಿಗೆ ಸಕ್ಕರೆ ಹಾಕಿ ಬಾಸುಂದಿಯ ಹದಕ್ಕೆ ಕಾಯಿಸಿದಳು. ಚಹಾ ಕುದಿಯುವಾಗ ಅಭ್ಯಾಸಬಲದಿಂದ ಶುಂಠಿ ಜಜ್ಜಲು ಹೋದವಳ ಕೈ ಹಿಡಿದೆ. ಸೋಡಾ ಅಂಗಡಿಯಿಂದ ಗೋಣಿತಟ್ಟಿನಲ್ಲಿ ಸುತ್ತಿದ ಬರ್ಫ ತಂದು, ಅಂಟಿದ್ದ ಕಟ್ಟಿಗೆಯ ಹೊಟ್ಟು ತೊಳೆದು ಒಡೆದವಳೂ ನಾನೇ. ಗಾಜಿನ ಗ್ಲಾಸಿನ ಕೆಂಪು ಚಹಾದ ಮೇಲೆ ಬಿಟ್ಟ ಹಾಲು ಬರ್ಫಿನ ಸಂದಿಯಲ್ಲಿ ನಿಧಾನವಾಗಿ ಇಳಿದು, ಎಲ್ಲ ಕೇಸರಿ ಬಣ್ಣವಾಯಿತು. ಇಬ್ಬರೂ ನೋಡುತ್ತ ನಿಂತೆವು.

ನಮ್ಮ ಕಡೆ ಮನೆಗೆ ಬಂದವರಿಗೆ ಆರಿದ ಚಹಾ ಕೊಟ್ಟರೆ, ಇನ್ನು ಎದ್ದು ಹೋಗಿ ಎಂದಂತೆ. ಅತ್ತೆ ಗ್ಲಾಸು ಮುಟ್ಟಿದವಳೇ ಕೈ ಹಿಂದಕ್ಕೆಳೆದಳು.

"ಕರದು ತಂಗಳ ಚಹಾ ಕೊಡ್ತೀರೇನ್ರಿ ವೈನಿ?"

"ತಂಗಳಲ್ಲವಾ, ತಾಯಿ ಚಹಾ. ನನ್ನ ಮಗ ಕಳಸ್ಯಾನ. ಮೊದಲ ಕುಡಿ, ಆಮ್ಯಾಲ ಮಾತಾಡು."

ಅತ್ತೆ ಕುಡಿದಳು. ಎರಡನೆಯ ಗ್ಲಾಸನ್ನೂ ಬಿಡಲಿಲ್ಲ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಡಬ್ಬಿಯನ್ನೆತ್ತಿ, ಚಹಾಕ್ಕೆಂದು ಬಂದಿದ್ದ ನೆರೆಮನೆಯ ಮಾಸ್ತರರ ಕೈಗಿಟ್ಟು, "ಏನ ಬರದೈತಿ ಓದ್ರಿ" ಎಂದಳು. ಅವರು ಕನ್ನಡಕ ಏರಿಸಿಕೊಂಡು, ಡಬ್ಬಿಯ ಮೇಲಿದ್ದ ಇಂಗ್ಲಿಷ್ ಅಕ್ಷರ ಓದಿ, "ಇದು ತಾಯಿ ಅಲ್ಲರಿ, ಥಾಯ್. ಅದೊಂದು ದೇಶ ಐತಿ, ಅಲ್ಲಿಂದು ಈ ಚಹಾ" ಎಂದರು. ಪಾಪ, ಇದ್ದದ್ದು ಹೇಳಿದರು.

ಅತ್ತೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅವ್ವ ನನ್ನನ್ನೊಮ್ಮೆ ನೋಡಿದಳು. ನಾನು ತಲೆ ತಗ್ಗಿಸಿದೆ.

"ಆ ದೇಶದ ಹೆಸರ ಹಂಗೈತೇನ್ರಿ ಮಾಸ್ತರ?"

"ಹೌದರಿ."

ಅವ್ವ ಅತ್ತೆಯ ಖಾಲಿ ಗ್ಲಾಸಿಗೆ ಇನ್ನಷ್ಟು ಚಹಾ ಸುರಿದಳು. "ಮತ್ತ ಅಂಥಾ ಹೆಸರಿನ ದೇಶದಾಗ ಓಡ್ಯಾಡಾಂವ ತಾಯಿನ ಹೆಂಗ ಮರೀತಾನ? ದಿನಕ್ಕ ನೂರ ಸಲ ಬಾಯಾಗ ಬರತೈತಿ!"

ಮಾಸ್ತರರು ಗಟ್ಟಿಯಾಗಿ ನಕ್ಕುಬಿಟ್ಟರು. ಅತ್ತೆ ಮೂರನೆಯ ಗ್ಲಾಸು ಕುಡಿದಳು. ಸಾಲಿಯ ಕಟ್ಟೆ ಹತ್ತದ ಈ ಹೆಂಗಸಿನ ಮಗಳು ನಾನು ಎಂದು ಕೂಗಿ ಹೇಳಬೇಕೆನ್ನಿಸಿತು.