ದೇವಿ ಹಾಕುವವರ ಎಂಟನೇ ದಿನ

ನನ್ನ ಬಾಯಿ ಸ್ವಲ್ಪ ಜೋರು. ಲಂಡನ್ನಿನ ಒಂದು ಜಿಪಿ ಸರ್ಜರಿಯಲ್ಲಿ, ಅಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನಲ್ಲಿ, ಮೂವತ್ತು ವರ್ಷ ನರ್ಸಾಗಿ ಮಕ್ಕಳಿಗೆ ಲಸಿಕೆ ಚುಚ್ಚಿದವಳು ನಾನು. ಅಳುವ ಮಕ್ಕಳಿಗಿಂತ, ಸೂಜಿ ಕಂಡರೆ ಮುಖ ತಿರುಗಿಸುವ ಅಪ್ಪಂದಿರನ್ನೇ ಹೆಚ್ಚು ಗದರಿಸಿದ್ದೇನೆ. ನಿವೃತ್ತಳಾದ ಮೇಲೆ ಒಂದು ದಿನ ಸರ್ಜರಿಯವರು ಕರೆದು, ನರ್ಸರಿಗಳಲ್ಲಿ ದಡಾರ ಹರಡುತ್ತಿದೆ, ಲಸಿಕೆಗೆ ಬಾರದ ಕನ್ನಡದ ಮನೆಗಳಿಗೆ ನೀವೇ ಒಂದಿಷ್ಟು ಫೋನ್ ಮಾಡಿ ಎಂದರು. ಅದೇನು ಮಹಾ ಕೆಲಸ ಎಂದು ಒಪ್ಪಿಕೊಂಡೆ.

ಗ್ರೀನ್‌ಫರ್ಡಿನ ಒಂದು ಮನೆ ಮಾತ್ರ ಬಗ್ಗಲಿಲ್ಲ. ವಿಜಯಪುರದ ಕಡೆಯವರು. ಗಂಡ ಅಲ್ಲೇ ಹತ್ತಿರದ ಗೋದಾಮಿನಲ್ಲಿ ಕೆಲಸಕ್ಕೆ, ಹೆಂಡತಿ ಮನೆಯಲ್ಲಿ. ಆರು ವರ್ಷದ ದೊಡ್ಡ ಮಗಳಿಗೆ ಎರಡನೇ ಡೋಸ್ ಬಾಕಿ, ಹದಿನಾಲ್ಕು ತಿಂಗಳ ಕೂಸಿಗೆ ಮೊದಲನೆಯದೇ ಆಗಿಲ್ಲ. ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ಆಕೆ 'ನೋಡ್ತೀವ್ರಿ' ಎಂದು ಇಟ್ಟಳು. ಕೊನೆಗೆ ಕೆಂಟನ್‌ನ ನನ್ನ ಮನೆಯಿಂದ ಎರಡು ಬಸ್ಸು ಬದಲಿಸಿ ಅವಳ ಬಾಗಿಲಿಗೇ ಹೋಗಿ ನಿಂತೆ.

ಚಹಾ ಕೊಟ್ಟಳು, ಚುರುಮುರಿ ಕೊಟ್ಟಳು, ಕಾರಣವನ್ನೂ ಹೇಳಿದಳು. "ದೊಡ್ಡಾಕಿಗೆ ಒಂದು ವರ್ಷಕ್ಕ ಹಾಕಿಸಿದ್ವಿರಿ. ವಾರ ಕಳದ ಮ್ಯಾಲ ಜ್ವರ ಬಂತು, ಮೈಯಾಗ ಕೆಂಪು ಗುಳ್ಳಿ ಎದ್ವು. ಫೋನ್ ಹಚ್ಚಿದ್ರ ಪ್ಯಾರಾಸಿಟಮಾಲ್ ಕೊಡ್ರಿ ಅಂದ್ರು, ಮುಗೀತು. ಊರಾಗ ನಮ್ಮ ಅತ್ತಿಯವರು, ಆ ಸೂಜಿಲಿಂದನ ದೇವಿ ಬಂದಾಳ, ಇನ್ನ ಚುಚ್ಚಸಬ್ಯಾಡ್ರಿ ಅಂದಾರ."

ನನಗೆ ಸಿಟ್ಟು ಬಂತು. ಲಸಿಕೆ ಹಾಕಿದ ವಾರ, ಹತ್ತು ದಿನದ ಹೊತ್ತಿಗೆ ಕೆಲವು ಮಕ್ಕಳಿಗೆ ಸಣ್ಣ ಜ್ವರ ಬಂದು ಗುಳ್ಳೆ ಏಳುವುದುಂಟು, ಅದು ಯಾರಿಗೂ ಅಂಟುವುದಿಲ್ಲ, ಎರಡು ಮೂರು ದಿನಕ್ಕೆ ಇಳಿಯುತ್ತದೆ, ದಡಾರ ಹಾಗಲ್ಲ, ಮಗುವನ್ನೇ ತಿಂದುಬಿಡಬಹುದು ಎಂದು ಉಪದೇಶ ಮಾಡಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಇದೆಲ್ಲಾ ಲೀಫ್‌ಲೆಟ್ಟಿನ್ಯಾಗ ಬರದಿತ್ತಲ್ಲ, ಓದಲಿಲ್ಲೇನು?" ಎಂದೂ ಕೇಳಿಬಿಟ್ಟೆ.

"ಓದೀನ್ರಿ. ಎಂ.ಎ. ಮಾಡೀನಿ ನಾ," ಎಂದಳು ಆಕೆ. "ಕಾಗದ ಬಂದು ಕೂಸಿನ ಹಣಿ ಮುಟ್ಟಿ ನೋಡ್ತೈತೇನ್ರಿ? ಚುಚ್ಚೂಕಿಂತ ಮೊದಲ ನಾಕ್ ನಾಕ್ ಮೆಸೇಜ್ ಬರ್ತಾವ. ಚುಚ್ಚಿದ ಮ್ಯಾಲ ನಿಮ್ಮೋರು ಒಬ್ರರೆ ತಿರುಗಿ ಬಂದ್ರೇನು?"

ಚಹಾ ಕುಡಿದು ಎದ್ದು ಬಂದೆ. ಬಸ್ಸಿನಲ್ಲಿ ಕೂತು ಅವಳನ್ನು ಮನಸ್ಸಿನಲ್ಲೇ ಬೈಯುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ನಮ್ಮಜ್ಜ ನೆನಪಾದ.

ಅಜ್ಜ ಬ್ರಿಟಿಷ್ ಸರಕಾರದಲ್ಲಿ ದೇವಿ ಹಾಕುವ ನೌಕರ. ಸಿಡುಬಿಗೆ ನಮ್ಮ ಕಡೆ ದೇವಿ ಎನ್ನುತ್ತಿದ್ದರು. ಅದರ ಲಸಿಕೆ ಹಾಕುವುದಕ್ಕೂ ದೇವಿ ಹಾಕುವುದು ಎಂದೇ ಹೆಸರು. ಒಂದು ತಗಡಿನ ಪೆಟ್ಟಿಗೆ ಹಿಡಿದು ಧಾರವಾಡದ ಸುತ್ತಿನ ಹಳ್ಳಿಗಳನ್ನೆಲ್ಲ ಸುತ್ತುತ್ತಿದ್ದ. ಅವನು ಬಂದ ಸುದ್ದಿ ತಿಳಿದರೆ ತಾಯಂದಿರು ಮಕ್ಕಳನ್ನು ಕಾಳಿನ ಕಣಜದ ಹಿಂದೆ ಅಡಗಿಸುತ್ತಿದ್ದರು. ಸಿಕ್ಕಿಬಿದ್ದ ಮಕ್ಕಳ ತೋಳನ್ನು, ಹಾಕಿದ ಔಷಧ ಹತ್ತದಿರಲೆಂದು, ಅವನು ಓಣಿ ದಾಟುವುದರೊಳಗೆ ಬೂದಿ ಹಚ್ಚಿ ಒರೆಸಿಬಿಡುತ್ತಿದ್ದರು. ಮೊದಮೊದಲು ಅಜ್ಜ ಗೌಡನನ್ನೂ ಪೊಲೀಸನನ್ನೂ ಕರೆದುಕೊಂಡೇ ಹೋಗಿ ಮಕ್ಕಳ ರಟ್ಟೆ ಹಿಡಿದು ಎಳೆದು ಹಾಕುತ್ತಿದ್ದನಂತೆ. ಎಂಟನೇ ದಿನ ಮತ್ತೆ ಹೋಗಿ, ಗುಳ್ಳೆ ಎದ್ದಿದೆಯೋ ಇಲ್ಲವೋ ನೋಡಿ, ಏಳದಿದ್ದರೆ ಮತ್ತೆ ಹಾಕಿ, ಫಾರ್ಮಿನಲ್ಲಿ ಬರೆಯಬೇಕೆಂಬುದು ಸಾಹೇಬರ ನಿಯಮ. ಹೋದರೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿರುತ್ತಿತ್ತು.

"ಕಳ್ಳರನ್ನ ಹಿಡದಂಗ ಕೂಸು ಹಿಡದ್ರ ಯಾರು ಬಾಗಲಾ ತಗೀತಾರ?" ಎಂದು ಅಜ್ಜಿಯೇ ಅವನನ್ನು ಝಾಡಿಸಿದಳಂತೆ. ಆಮೇಲೆ ಎಂಟನೇ ದಿನಕ್ಕೆ ಅಜ್ಜ ಒಬ್ಬನೇ ಹೋಗತೊಡಗಿದ. ದೇವಿ ಹಾಕಿಸಿಕೊಂಡ ಕೂಸಿರುವ ಮನೆಯವರು ದೇವಿಯೇ ಮನೆಗೆ ಬಂದಿದ್ದಾಳೆ ಎಂಬಂತೆ ನಡೆದುಕೊಳ್ಳುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು, ಅಡುಗೆಗೆ ಒಗ್ಗರಣೆ ಇಲ್ಲ. ಅಜ್ಜ ಚಪ್ಪಲಿ ಹೊರಗೆ ಬಿಟ್ಟು, ಕೂಸಿನ ಹಣೆ ಮುಟ್ಟಿ, ತೋಳು ನೋಡಿ, ಅವರು ಕೊಟ್ಟ ಒಗ್ಗರಣೆಯಿಲ್ಲದ ಮೊಸರನ್ನ ಉಂಡು ಏಳುತ್ತಿದ್ದ. ಒಂದೊಂದು ಊರಿಗೆ ಇಷ್ಟು ಹೊತ್ತು ಯಾಕೆಂದು ಸಾಹೇಬರು ಕೇಳಿದರೆ, ದಾರಿ ಕೆಟ್ಟಿತ್ತು ಎನ್ನುತ್ತಿದ್ದ. ಮುಂದಿನ ವರ್ಷ ಕಣಜದ ಹಿಂದೆ ಅಡಗುವ ಮಕ್ಕಳು ಕಡಿಮೆಯಾದರು ಎಂದು, ಸಣ್ಣವಳಾದ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಗುತ್ತಾ ಹೇಳುತ್ತಿದ್ದ.

ನಾನು ಚುಚ್ಚಿದ ತೋಳುಗಳಿಗೆ ಲೆಕ್ಕವಿಲ್ಲ. ಅದರಲ್ಲಿ ಒಂದೇ ಒಂದು ಎಂಟನೇ ದಿನವನ್ನು ನಾನು ನೋಡಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು. ಅರ್ಧ ದಾರಿಯಲ್ಲೇ ಇಳಿದು, ರಸ್ತೆ ದಾಟಿ, ವಾಪಸ್ಸು ಹೋಗುವ ಬಸ್ಸು ಹಿಡಿದೆ.

"ಕೂಸಿಗೆ ಹಾಕಸು," ಎಂದೆ ಬಾಗಿಲಲ್ಲೇ ನಿಂತು. "ಎಂಟನೇ ದಿನಕ್ಕ ನಾ ಬರ್ತೀನಿ. ಜ್ವರ ಬರಲಿ, ಬಿಡಲಿ."

"ಬರದಿದ್ರ?"

"ಬರದಿದ್ರ ದೊಡ್ಡಾಕಿ ಸೂಜಿ ಮಾತು ಇನ್ನ ಎತ್ತೂದಿಲ್ಲ."

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಗಂಡನನ್ನು ಕೇಳಬೇಕೆಂದಳು. ಮಂಗಳವಾರ ಕೂಸನ್ನು ಎತ್ತಿಕೊಂಡು ಸರ್ಜರಿಗೆ ಬಂದೇಬಂದಳು. ಅತ್ತೆಗೆ ಮಾತ್ರ ತಿಳಿಸಿರಲಿಲ್ಲ.

ಮಂಗಳವಾರದಿಂದ ಮಂಗಳವಾರಕ್ಕೆ ನಮ್ಮ ಲೆಕ್ಕದಲ್ಲಿ ಎಂಟು. ಅಂದೇ ನನ್ನ ಮೊಣಕಾಲು ಮುಷ್ಕರ ಹೂಡಿತ್ತು, ಬಸ್ಸು ಬೇರೆ ದಾರಿಯಲ್ಲಿ ಹೋಗಿ ಎಲ್ಲೋ ಇಳಿಸಿತು. ಕುಂಟುತ್ತಾ ಹೋದೆ. ಗಂಟೆ ಒತ್ತುವ ಮೊದಲೇ ಬಾಗಿಲು ತೆರೆಯಿತು. ಆಕೆ ಕಿಟಕಿಯಲ್ಲೇ ಕಾದು ನಿಂತಿದ್ದಳು.

ಕೂಸಿನ ಮೈ ಬಿಸಿಯಾಗಿತ್ತು. ಕಿವಿಯ ಹಿಂದೆ, ಬೆನ್ನ ಮೇಲೆ ಕೆಂಪು ಚುಕ್ಕೆ. ಬೇವು ಸಿಗದೆ ತೊಟ್ಟಿಲ ಪಕ್ಕ ಬೇವಿನ ಸೋಪು ಇಟ್ಟಿದ್ದಳು ನಮ್ಮ ಎಂ.ಎ. ಬೇರೆ ದಿನವಾಗಿದ್ದರೆ ನಗದೆ ಬಿಡುತ್ತಿರಲಿಲ್ಲ. ಅಂದು ಬ್ಯಾಗು ಕೆಳಗಿಟ್ಟು ಕೂಸಿನ ಪಕ್ಕ ಕೂತೆ. ಚುಕ್ಕೆಗಳ ಮೇಲೆ ಗಾಜಿನ ಲೋಟ ಒತ್ತಿ ನೋಡಿದೆ, ಮಾಯವಾದವು; ಮಾಯವಾಗದಿದ್ದರೆ ಅಪಾಯದ ಗುರುತು. ಕೂಸು ಹಾಲು ಕುಡಿಯುತ್ತಿತ್ತು, ನನ್ನ ಕನ್ನಡಕಕ್ಕೆ ಕೈ ಹಾಕುತ್ತಿತ್ತು. ಇದು ಆ ಸಣ್ಣ ಜ್ವರವೇ, ಹೆದರಬೇಡ ಎಂದು ಹೇಳಿ, ಏನಾದರೆ ತಕ್ಷಣ ಡಾಕ್ಟರಿಗೆ ತೋರಿಸಬೇಕೆಂಬುದನ್ನೂ ತಿಳಿಸಿದೆ.

ಅಷ್ಟರಲ್ಲಿ ವಿಜಯಪುರದಿಂದ ವಿಡಿಯೋ ಕಾಲ್ ಬಂತು. ತಾಯಿ ಫೋನನ್ನು ಮಗುಚಿಡುವ ಮೊದಲೇ ದೊಡ್ಡವಳು ಎತ್ತಿಬಿಟ್ಟಳು. "ಅಜ್ಜೀ, ಬೇಬಿ ಗಾಟ್ ದ ಇಂಜೆಕ್ಷನ್! ಅಂಡ್ ದ ನರ್ಸ್ ಕೇಮ್ ಬ್ಯಾಕ್!"

ಪರದೆಯ ಮೇಲೆ ಎಂಬತ್ತರ ಹತ್ತಿರದ ಮುಖ. ಕೆನ್ನೆ, ಹಣೆ, ಮೂಗಿನ ತುದಿಯವರೆಗೆ ಸಿಡುಬಿನ ಕಲೆ. ಇಂಥ ಮುಖ ನೋಡಿ ಎಷ್ಟೋ ವರ್ಷವಾಗಿತ್ತು. ಸೊಸೆ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಬೈಗುಳಕ್ಕೆ ನಾನು ಸಿದ್ಧಳಾದೆ.

"ಸೂಜಿ ಹಾಕಿ ಎಷ್ಟ ದಿನಾ ಆತು?" ಎಂದಳು ಮುದುಕಿ.

"ಇವತ್ತಿಗೆ ಎಂಟ್ರಿ," ಎಂದೆ ನಾನು.

"ಎಂಟನೇ ದಿನಕ್ಕ ಬಂದೀಯೇನವಾ?"

"ಹೂಂ ರಿ."

ಆಕೆ ಫೋನನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದಳು. "ನಾ ಕೂಸಿದ್ದಾಗ ನಮ್ಮೂರಿಗೂ ಬಂದಿದ್ನಂತ ಒಬ್ಬಾಂವ. ನಮ್ಮಕ್ಕಗ, ನನಗ ಇಬ್ಬರಿಗೂ ತೋಳಿಗೆ ಹಾಕಿ ಹೋದ. ನಮ್ಮವ್ವ ಅಂಜಿ ಬೂದಿ ಹಚ್ಚಿ ಒರಸಿದ್ಲು. ಎಂಟನೇ ದಿನಕ್ಕ ಬಂದಿದ್ರ ತೋಳು ನೋಡಿ ಮತ್ತ ಹಾಕ್ತಿದ್ದ. ಬರಲೇ ಇಲ್ಲ ಅಂವ. ಆ ಬ್ಯಾಸಗ್ಯಾಗ ದೇವಿ ಬಂದು ಅಕ್ಕನ್ನ ಒಯ್ದಳು, ನನ್ನ ಮಾರಿ ಹಿಂಗ ಮಾಡಿ ಬಿಟ್ಟಳು. ಅಂವ ಬರಲಿಲ್ಲಲ್ಲ, ಬರಲಿಲ್ಲಲ್ಲ ಅಂತ ನಮ್ಮವ್ವ ಸಾಯೂತನಾ ಅತ್ತಳು."

ನನ್ನ ಕಣ್ಣು ತುಂಬಿ ಬಂದವು.

"ದೊಡ್ಡಾಕೀದು ಇನ್ನೊಂದ ಸೂಜಿ ಉಳದೈತೆಲ್ಲ," ಎಂದಳು ಮುದುಕಿ. "ಯಾವಾಗ ಹಾಕ್ತೀರಿ?"

"ಬರೂ ಮಂಗಳವಾರ ಹಾಕಸೋಣ್ರಿ."

"ಅದರ ಎಂಟನೇ ದಿನಕ್ಕ?"

"ಬರ್ತೀನ್ರಿ."

"ಹಂಗಾರ ಹಾಕಸ್ರಿ," ಎಂದು, ಸೊಸೆಯ ಕಡೆ ತಿರುಗಿದಳು. "ಏನ್ ನೋಡ್ಕೋತ ನಿಂತಿ? ಅಕಿಗೆ ಮೊಸರನ್ನ ಹಾಕು. ಒಗ್ಗರಣಿ ಕೊಡಬ್ಯಾಡ ಮತ್ತ."

ಒಗ್ಗರಣೆಯಿಲ್ಲದ ಮೊಸರನ್ನ ನನಗೆ ಜನ್ಮಕ್ಕೆ ಸೇರದು. ಅಂದು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡು ಸಲ ಹಾಕಿಸಿಕೊಂಡು ಉಂಡೆ.